ಕಾಯಿ ಸುಲಿದ ಕೂಲಿ: ಡೇಟಾ ಕುಗ್ಗಿಸಿದರೆ ಪ್ರೊಸೆಸರ್‌ಗೆ ಎಷ್ಟು ಖರ್ಚು?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತಿನ ಮಾತನ್ನ ಒಂದು ಫೋನ್ ಕರೆಯಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳೋ ಕೆಲಸದಲ್ಲಿದ್ದೆ. ಬೇರೆ ಬೇರೆ ಊರಿನ ಮಾರುಕಟ್ಟೆ ದರಗಳನ್ನ ರೈತರ ಫೋನಿಗೆ ತೋರಿಸೋ ಆ್ಯಪ್ ನಮ್ಮದು. ಒಂದು ಮಧ್ಯಾಹ್ನ ನಮ್ಮ ದೊಡ್ಡಪ್ಪ ತಿಪಟೂರು ಎಪಿಎಂಸಿ ಯಾರ್ಡ್‌ನಿಂದ ಫೋನ್ ಮಾಡಿದ್ರು. ಅವರ ತೋಟ ಚಿಕ್ಕನಾಯಕನಹಳ್ಳಿ ಕಡೆ. ಅವತ್ತು ಆರು ಕ್ವಿಂಟಲ್ ಉಂಡೆ ಕೊಬ್ಬರಿ ಟೆಂಡರ್‌ಗೆ ಬಿಟ್ಟಿದ್ರು.

"ಲೋ ಮಗಾ, ನಿಮ್ಮ ಆ್ಯಪು ಅರ್ಧ ಗಂಟೆಯಿಂದ ಬರೀ ಸುತ್ತುತಾನೇ ಐತೆ ಕಣೋ. ಬೇರೆ ಕಡೆ ರೇಟು ಎಷ್ಟೈತೆ ಅಂತ ನೋಡಾಣ ಅಂದ್ರೆ ಆಯ್ತಿಲ್ಲ. ಈ ರೇಟು ಒಪ್ಕಳಾದೋ ಬ್ಯಾಡವೋ?"

ಆನ್‌ಲೈನ್ ಟೆಂಡರ್‌ನಲ್ಲಿ ವರ್ತಕರು ಎಷ್ಟೇ ಬೆಲೆ ಹಾಕಲಿ, ಬೇಡ ಅನ್ನೋ ಹಕ್ಕು ರೈತನಿಗೆ ಇರುತ್ತೆ. ಆದರೆ ಬೇಡ ಅನ್ನೋಕೆ ಬೇರೆ ಕಡೆ ಏನು ನಡೀತಿದೆ ಅಂತ ಗೊತ್ತಿರಬೇಕಲ್ವಾ? ನಾನೂ ನಮ್ಮ ಆ್ಯಪ್ ತೆಗೆದು ನೋಡಿದೆ. ನನಗೂ ಸುತ್ತುತಾನೇ ಇತ್ತು. "ನಿಮ್ಮಿಷ್ಟ ದೊಡ್ಡಪ್ಪ" ಅಂದುಬಿಟ್ಟೆ. ಅವರು ಒಪ್ಪಿಕೊಂಡ್ರು. ಸಂಜೆ ಆ್ಯಪ್ ಚೇತರಿಸಿಕೊಂಡಾಗ ನೋಡಿದ್ರೆ, ಇನ್ನೊಂದು ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ 300 ರೂಪಾಯಿ ಹೆಚ್ಚಿತ್ತು. ಆರು ಕ್ವಿಂಟಲ್‌ಗೆ 1,800 ರೂಪಾಯಿ. ಅದರಿಂದ ಮನೆ ಮುಳುಗಲ್ಲ, ನಿಜ. ಆದರೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು ಕಾದ ಕೊಬ್ಬರಿ ಅದು.

ಎಲ್ಲರೂ ಅಂದಿದ್ದು 'ಸರ್ವರ್ ಡೌನ್' ಅಂತ. ಸರ್ವರ್ ಡೌನ್ ಆಗಿರಲಿಲ್ಲ. ಡಿಸ್ಕ್‌ನಲ್ಲಿ ಅರ್ಧಕ್ಕರ್ಧ ಜಾಗ ಖಾಲಿ ಇತ್ತು, ನೆಟ್‌ವರ್ಕ್ ಸರಿಯಾಗೇ ಇತ್ತು. ಆದರೆ ಎಲ್ಲಾ ಯಂತ್ರಗಳ ಪ್ರೊಸೆಸರ್‌ಗಳೂ ಉಸಿರು ಬಿಡೋಕೆ ಪುರುಸೊತ್ತಿಲ್ಲದೆ ದುಡೀತಿದ್ವು. ಏನು ಮಾಡ್ತಿದ್ವು ಅಂತ ನೋಡಿದ್ರೆ, ಕುಗ್ಗಿಸಿಟ್ಟ ಡೇಟಾವನ್ನ ಬಿಚ್ಚೋ ಕೆಲಸ. ಹಾಗೆ ಕುಗ್ಗಿಸಿಡೋಕೆ ಹೇಳಿದ್ದು ಯಾರು? ನಾನೇ. ಆರು ವಾರದ ಹಿಂದೆ, ಡಿಸ್ಕ್ ಬಾಡಿಗೆ ಉಳಿಸೋಕೆ ಅಂತ.

ಆ ತಪ್ಪು ಹೇಗಾಯ್ತು ಅನ್ನೋದೇ ಇವತ್ತಿನ ವಿಷಯ.

ಸುಲಿದರೆ ಲಾರಿ ಬಾಡಿಗೆ ಕಡಿಮೆ

ನಮ್ಮ ಕಡೆ ಹುಟ್ಟಿದವರಿಗೆ ಕಂಪ್ರೆಷನ್ ಅರ್ಥ ಮಾಡಿಸೋದು ಸುಲಭ. ತೋಟದಿಂದ ಕಾಯಿಯನ್ನ ಸಿಪ್ಪೆ ಸಮೇತ ಲಾರಿಗೆ ತುಂಬಿದ್ರೆ ನೀವು ಸಾಗಿಸೋದು ಮುಖ್ಯವಾಗಿ ನಾರನ್ನ. ಸುಲಿದು ತುಂಬಿದ್ರೆ ಅದೇ ಲಾರಿಗೆ ಎಷ್ಟೋ ಹೆಚ್ಚು ಕಾಯಿ ಹಿಡಿಯುತ್ತೆ, ಬಾಡಿಗೆ ಉಳಿಯುತ್ತೆ. ಆದರೆ ಸುಲಿಯೋರಿಗೆ ಕೂಲಿ ಕೊಡಬೇಕು. ನೆಲಕ್ಕೆ ನೆಟ್ಟ ಹಾರೆಗೆ ಒಂದೊಂದೇ ಕಾಯಿ ಕುಟ್ಟಿ ಸುಲಿಯೋ ಕೆಲಸ ಸುಮ್ಮನೆ ಆಗಲ್ಲ. ಬಾಡಿಗೆಯಲ್ಲಿ ಉಳಿದಿದ್ದು ಜಾಸ್ತಿಯೋ, ಕೂಲಿಗೆ ಹೋಗಿದ್ದು ಜಾಸ್ತಿಯೋ ಅಂತ ಪ್ರತಿ ರೈತನೂ ಲೆಕ್ಕ ಹಾಕ್ತಾನೆ.

ಡೇಟಾದಲ್ಲೂ ಅದೇ ಲೆಕ್ಕ. ಲಾರಿ ಜಾಗದಲ್ಲಿ ಡಿಸ್ಕ್ ಮತ್ತು ನೆಟ್‌ವರ್ಕ್, ಕೂಲಿಯಾಳಿನ ಜಾಗದಲ್ಲಿ ಪ್ರೊಸೆಸರ್.

ಒಂದೇ ಒಂದು ವ್ಯತ್ಯಾಸ ಇದೆ, ಇಡೀ ಕಥೆ ಇರೋದೇ ಅದರಲ್ಲಿ. ಸುಲಿದ ಕಾಯಿಗೆ ಯಾರೂ ವಾಪಸ್ ಸಿಪ್ಪೆ ಅಂಟಿಸಲ್ಲ. ಡೇಟಾದಲ್ಲಿ ಅಂಟಿಸಲೇಬೇಕು. ಒಂದು ಅಕ್ಷರವೂ ಹೆಚ್ಚು ಕಡಿಮೆ ಆಗದ ಹಾಗೆ, ಪ್ರತಿ ಸಲ ಯಾರಾದ್ರೂ ಕೇಳಿದಾಗಲೂ. ಕುಗ್ಗಿಸೋ ಕೂಲಿ ಬೇರೆ, ಬಿಚ್ಚೋ ಕೂಲಿ ಬೇರೆ.

ನೀವೀಗ ಕೇಳ್ತಿರೋ ನನ್ನ ದನಿಯೇ ಉದಾಹರಣೆ. ಸಿಡಿ ಗುಣಮಟ್ಟದ, ಕುಗ್ಗಿಸದ 15 ನಿಮಿಷದ ಆಡಿಯೊಗೆ ಸುಮಾರು 159 ಎಂಬಿ ಬೇಕು. ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಿದ್ರೆ 7.2 ಎಂಬಿ. ಕುಗ್ಗಿಸೋ ಕೆಲಸ ಸ್ಟುಡಿಯೋದಲ್ಲಿ ಒಂದೇ ಸಲ ಆಗುತ್ತೆ. ಬಿಚ್ಚೋ ಕೆಲಸ ಮಾತ್ರ ನಿಮ್ಮೆಲ್ಲರ ಫೋನ್‌ನಲ್ಲೂ, ನಿಮ್ಮ ಬ್ಯಾಟರಿಯಲ್ಲೇ ಆಗುತ್ತೆ.

ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್

ಡೇಟಾದಲ್ಲಿ ಸಿಪ್ಪೆ ಎಲ್ಲಿರುತ್ತೆ? ಬಂದಿದ್ದೇ ಮತ್ತೆ ಮತ್ತೆ ಬರೋ ಕಡೆ.

ಇಂಗ್ಲಿಷ್‌ನಲ್ಲಿ ತಿಪಟೂರು ಅಂತ ಬರೆದ್ರೆ 6 ಬೈಟ್ ಸಾಕು. ಕನ್ನಡ ಲಿಪಿಯಲ್ಲಿ ಬರೆದ್ರೆ ಯೂನಿಕೋಡ್ ಯುಟಿಎಫ್-8 ಪದ್ಧತಿಯಲ್ಲಿ 21 ಬೈಟ್ ಬೇಕು. ತುರುವೇಕೆರೆಗೆ 30, ಚಿಕ್ಕನಾಯಕನಹಳ್ಳಿಗೆ 45. ಯಾಕಂದ್ರೆ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ, ಒತ್ತಕ್ಷರ ಮಾಡೋ ವಿರಾಮಕ್ಕೂ ತಲಾ ಮೂರು ಬೈಟ್.

ಆ ಮೂರರಲ್ಲಿ ಮೊದಲನೇ ಬೈಟ್ ಇಡೀ ಕನ್ನಡ ಲಿಪಿಗೆ ಒಂದೇ. ಎರಡನೆಯದು ಎರಡೇ ಎರಡು ಬಗೆ. ನಿಜವಾದ ಸುದ್ದಿ ಇರೋದು ಹೆಚ್ಚಿನಂಶ ಮೂರನೆಯದರಲ್ಲಿ. ಅಂದ್ರೆ ಕನ್ನಡ ಡೇಟಾಗೆ ಸಿಪ್ಪೆ ದಪ್ಪ, ಸುಲಿದ್ರೆ ಚೆನ್ನಾಗಿ ಇಳಿಯುತ್ತೆ. ಇದರ ಮೇಲೆ ದರದ ಪಟ್ಟಿಯಲ್ಲಿ ಅದೇ ಊರು, ಅದೇ 'ಉಂಡೆ ಕೊಬ್ಬರಿ', ಅದೇ ತಾರೀಖು ಸಾವಿರ ಸಾವಿರ ಸಲ ಬರುತ್ತೆ.

1977ರಲ್ಲಿ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ ಅನ್ನೋ ಇಬ್ಬರು ಒಂದು ಉಪಾಯ ಪ್ರಕಟಿಸಿದ್ರು. ಒಂದು ಸಾಲು ಹಿಂದೆ ಬಂದಿದ್ರೆ ಅದನ್ನ ಮತ್ತೆ ಬರೆಯಬೇಡ, 'ಇಷ್ಟು ಹಿಂದೆ ಹೋಗು, ಇಷ್ಟು ಉದ್ದ ನಕಲು ಮಾಡು' ಅಂತ ಮಾತ್ರ ಬರೆದಿಡು. ಇವತ್ತು ಬಳಕೆಯಲ್ಲಿರೋ ಬಹುತೇಕ ವಿಧಾನಗಳು ಅದರ ಮಕ್ಕಳು ಮೊಮ್ಮಕ್ಕಳು. ಹಿಂದೆ ಎಲ್ಲಿ ಬಂದಿತ್ತು ಅಂತ ಹುಡುಕೋದಕ್ಕೆ ಎಷ್ಟು ಹೊತ್ತು ಕೊಡ್ತೀರಿ ಅನ್ನೋದರ ಮೇಲೆ ಪ್ರೊಸೆಸರ್ ಖರ್ಚು ನಿಂತಿದೆ. ಹೆಚ್ಚು ಹುಡುಕಿದ್ರೆ ಹೆಚ್ಚು ಕುಗ್ಗುತ್ತೆ, ಕೂಲಿನೂ ಹೆಚ್ಚು.

ಮೂರು ಆಳು, ಮೂರು ಕೂಲಿ

ಡೇಟಾಬೇಸ್‌ಗಳಲ್ಲಿ ಹೆಚ್ಚಾಗಿ ಕೇಳೋ ಹೆಸರು ಮೂರು. ಹಳೇ ಕಾಲದ ಝಡ್‌ಲಿಬ್. ಅದರೊಳಗಿರೋ ವಿಧಾನದ ಹೆಸರು ಡಿಫ್ಲೇಟ್. 2011ರಲ್ಲಿ ಯಾನ್ ಕೊಲೆ ಬರೆದ ಎಲ್‌ಝಡ್4. ಅವರೇ ಆಮೇಲೆ ಬರೆದು 2016ರಲ್ಲಿ ಫೇಸ್‌ಬುಕ್ ಬಿಡುಗಡೆ ಮಾಡಿದ ಝಡ್‌ಸ್ಟ್ಯಾಂಡರ್ಡ್.

ಝಡ್‌ಸ್ಟ್ಯಾಂಡರ್ಡ್ ತಂಡ ಒಂದು ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ನಲ್ಲಿ ಅಳೆದು ಪ್ರಕಟಿಸಿರೋ ಲೆಕ್ಕ ಸ್ಥೂಲವಾಗಿ ಹೀಗಿದೆ. ಎಲ್‌ಝಡ್4 ಡೇಟಾವನ್ನ 2.1 ಪಟ್ಟು ಕುಗ್ಗಿಸುತ್ತೆ. ಸೆಕೆಂಡಿಗೆ ಸುಮಾರು 700 ಎಂಬಿ ಕುಗ್ಗಿಸಿ, ಸುಮಾರು 4,000 ಎಂಬಿ ಬಿಚ್ಚುತ್ತೆ. ಝಡ್‌ಲಿಬ್ ತನ್ನ ಅತಿ ವೇಗದ ಮಟ್ಟದಲ್ಲಿ 2.7 ಪಟ್ಟು ಕುಗ್ಗಿಸುತ್ತೆ. ಆದರೆ ಕುಗ್ಗಿಸೋ ವೇಗ ಬರೀ 95 ಎಂಬಿ, ಬಿಚ್ಚೋ ವೇಗ 400 ಎಂಬಿ. ಝಡ್‌ಸ್ಟ್ಯಾಂಡರ್ಡ್ ಒಂದನೇ ಮಟ್ಟದಲ್ಲಿ 2.9 ಪಟ್ಟು, ಕುಗ್ಗಿಸೋದು 500 ಎಂಬಿ, ಬಿಚ್ಚೋದು 1,500 ಎಂಬಿ ಆಸುಪಾಸು. ಇದರ ಮಟ್ಟ ಏರಿಸಿದ್ರೆ ಕುಗ್ಗಿಸೋದು ನಿಧಾನ ಆಗ್ತಾ ಹೋಗುತ್ತೆ, ಬಿಚ್ಚೋ ವೇಗ ಮಾತ್ರ ಅಷ್ಟಾಗಿ ಇಳಿಯಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ. ನಮ್ಮ ಡೇಟಾಬೇಸ್ ಕಸಾಂಡ್ರಾ. ಅದರಲ್ಲಿ ತಾನಾಗೇ ಬರೋದು ಎಲ್‌ಝಡ್4. ನಾನು ಅದನ್ನ ಡಿಫ್ಲೇಟ್‌ಗೆ ಬದಲಾಯಿಸಿದೆ. 2.1ರಿಂದ 2.7ಕ್ಕೆ ಹೋದ್ರೆ ಡಿಸ್ಕ್‌ನಲ್ಲಿ ಹೆಚ್ಚೂಕಡಿಮೆ ಕಾಲು ಭಾಗ ಉಳಿಯುತ್ತೆ. ಮೇಲಿನವರು ಖುಷಿಯಾದ್ರು, ನಾನೂ ಬೀಗಿದೆ.

ಒಂದೇ ಕಾಯಿಯನ್ನ ಎಷ್ಟು ಸಲ ಸುಲಿಯೋದು?

ಒಂದೇ ಕಂಪ್ಯೂಟರ್‌ನಲ್ಲಿ ಡೇಟಾ ಇದ್ದಿದ್ರೆ ಇದು ಸಣ್ಣ ವಿಷಯ. ನಮ್ಮದು ಹಲವು ಯಂತ್ರಗಳಿಗೆ ಹಂಚಿದ ಡೇಟಾಬೇಸ್. ಅಲ್ಲಿ ಕೂಲಿ ಗುಣಾಕಾರದಲ್ಲಿ ಬೆಳೆಯುತ್ತೆ.

ಒಂದು ಯಂತ್ರ ಕೆಟ್ಟರೂ ಡೇಟಾ ಉಳಿಯಲಿ ಅಂತ ಪ್ರತಿ ದರವನ್ನೂ ಮೂರು ಯಂತ್ರಗಳಲ್ಲಿ ಬರೆದಿಡ್ತೀವಿ. ಮೂರೂ ಯಂತ್ರಗಳು ತಮ್ಮ ಪ್ರತಿಯನ್ನ ತಾವೇ ಕುಗ್ಗಿಸಿಕೊಳ್ತವೆ. ಒಬ್ಬರು ಸುಲಿದಿದ್ದನ್ನ ಇನ್ನೊಬ್ಬರು ತಗೊಳ್ಳೋ ಪದ್ಧತಿ ಇಲ್ಲ.

ಅಷ್ಟಕ್ಕೆ ಮುಗಿಯಲ್ಲ. ಕಸಾಂಡ್ರಾ ತರಹದ ಡೇಟಾಬೇಸ್‌ಗಳು ಹೊಸ ಡೇಟಾವನ್ನ ಮೊದಲು ಸಣ್ಣ ಸಣ್ಣ ಕಡತಗಳಾಗಿ ಬರೀತವೆ. ಆಮೇಲೆ ಸಣ್ಣವನ್ನೆಲ್ಲ ಸೇರಿಸಿ ದೊಡ್ಡದು ಮಾಡ್ತವೆ, ದೊಡ್ಡವನ್ನ ಸೇರಿಸಿ ಇನ್ನೂ ದೊಡ್ಡದು. ಇದಕ್ಕೆ ಕಂಪ್ಯಾಕ್ಷನ್ ಅಂತಾರೆ. ಅಟ್ಟದ ಮೇಲೆ ಸಣ್ಣ ರಾಶಿಗಳನ್ನ ಆಗಾಗ ಕೂಡಿಸಿ ಒಟ್ಟೋ ಹಾಗೆ. ಪ್ರತಿ ಸಲ ಕೂಡಿಸುವಾಗಲೂ ಬಿಚ್ಚಬೇಕು, ಜೋಡಿಸಬೇಕು, ಮತ್ತೆ ಕುಗ್ಗಿಸಬೇಕು.

ಒಂದು ದರ ಮೊದಲ ಸಲ ಡಿಸ್ಕ್‌ಗೆ ಇಳಿದ ಮೇಲೆ ಮೂರು ಸಲ ಕಂಪ್ಯಾಕ್ಷನ್‌ಗೆ ಸಿಕ್ಕಿತು ಅಂದ್ಕೊಳ್ಳಿ. ಪ್ರತಿ ಯಂತ್ರದಲ್ಲಿ ನಾಲ್ಕು ಸಲ ಕುಗ್ಗಿಸಿ ಮೂರು ಸಲ ಬಿಚ್ಚಿದ ಹಾಗಾಯ್ತು. ಮೂರು ಯಂತ್ರ ಸೇರಿ 12 ಸಲ ಕುಗ್ಗಿಸಿ 9 ಸಲ ಬಿಚ್ಚಿದ್ದು. ಇನ್ನೂ ಒಬ್ಬ ರೈತನೂ ಆ ದರ ನೋಡಿಲ್ಲ!

ಇದರಲ್ಲೇ ಇನ್ನೊಂದು ಮೋಸ ಇದೆ. ವಿಧಾನ ಬದಲಾಯಿಸಿದ ದಿನ ಏನೂ ಆಗಲ್ಲ. ಹಳೇ ಕಡತಗಳು ಹಳೇ ವಿಧಾನದಲ್ಲೇ ಇರ್ತವೆ. ಕಂಪ್ಯಾಕ್ಷನ್ ಆಗ್ತಾ ಆಗ್ತಾ ಒಂದೊಂದಾಗಿ ಹೊಸದಕ್ಕೆ ಬರ್ತವೆ. ಹಾಗಾಗಿ ನಾನು ಮಾಡಿದ ಬದಲಾವಣೆಯ ಭಾರ ಆರು ವಾರ ನಿಧಾನವಾಗಿ ಏರಿದೆ. ಏರಿದಾಗ ಆ ಬದಲಾವಣೆ ಯಾರಿಗೂ ನೆನಪೇ ಇರಲಿಲ್ಲ.

ಒಂದು ಕಾಯಿಗೆ ಇಡೀ ಮೂಟೆ ಬಿಚ್ಚಬೇಕು

ದೊಡ್ಡಪ್ಪನಿಗೆ ಬೇಕಿದ್ದಿದ್ದು ಒಂದು ಸಾಲು: ಊರು, ತಾರೀಖು, ದರ. ಹೆಚ್ಚಂದ್ರೆ 200 ಬೈಟ್. ಆದರೆ ಡೇಟಾಬೇಸ್ ಒಂದೊಂದು ಸಾಲನ್ನ ಬಿಡಿಬಿಡಿಯಾಗಿ ಕುಗ್ಗಿಸಲ್ಲ. ಹಾಗೆ ಮಾಡಿದ್ರೆ 'ಹಿಂದೆ ಬಂದಿದ್ದು' ಅಂತ ಏನೂ ಸಿಗಲ್ಲ, ಕುಗ್ಗೋದೇ ಇಲ್ಲ. ಅದಕ್ಕೇ ಸಾಲುಗಳನ್ನ ಮೂಟೆ ಕಟ್ಟಿ ಕುಗ್ಗಿಸುತ್ತೆ. ಕಸಾಂಡ್ರಾದಲ್ಲಿ ಮೊದಲು ಈ ಮೂಟೆ 64 ಕೆಬಿ ಇತ್ತು. 2021ರಲ್ಲಿ ಬಂದ 4.0 ಆವೃತ್ತಿಯಲ್ಲಿ ಅದನ್ನ 16 ಕೆಬಿಗೆ ಇಳಿಸಿದ್ರು. ನಾನು, ಇನ್ನಷ್ಟು ಕುಗ್ಗಲಿ ಅಂತ, ವಾಪಸ್ 64ಕ್ಕೆ ಏರಿಸಿದ್ದೆ. 200 ಬೈಟಿನ ಒಂದು ಸಾಲಿಗಾಗಿ ಮುನ್ನೂರಕ್ಕೂ ಹೆಚ್ಚು ಸಾಲಿನ ಮೂಟೆ ಬಿಚ್ಚಬೇಕು.

ಬನ್ನಿ, ಮೇಲಿನ ವೇಗಗಳನ್ನೇ ಹಿಡಿದು ಲೆಕ್ಕ ಮಾಡೋಣ. ಮೈಕ್ರೋಸೆಕೆಂಡ್ ಅಂದ್ರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಎಲ್‌ಝಡ್4, 16 ಕೆಬಿ ಮೂಟೆ: ಬಿಚ್ಚೋಕೆ ಸುಮಾರು 4 ಮೈಕ್ರೋಸೆಕೆಂಡ್.

ಡಿಫ್ಲೇಟ್, 64 ಕೆಬಿ ಮೂಟೆ: ಸುಮಾರು 160 ಮೈಕ್ರೋಸೆಕೆಂಡ್.

ನಲವತ್ತು ಪಟ್ಟು! ಕಾಲು ಭಾಗ ಜಾಗ ಉಳಿಸೋಕೆ ನಲವತ್ತು ಪಟ್ಟು ಕೂಲಿ.

ಮುಂದೆ ನೋಡಿ. ಒಂದೇ ದರಕ್ಕಾಗಿ ನಾಲ್ಕು ಕಡತ ಹುಡುಕಬೇಕಾಯ್ತು ಅಂತಿಟ್ಕೊಳ್ಳಿ. ಉತ್ತರ ಸರಿ ಅಂತ ಖಾತ್ರಿ ಆಗೋಕೆ ಮೂರರಲ್ಲಿ ಎರಡು ಯಂತ್ರವನ್ನ ಕೇಳ್ತೀವಿ. ಅಲ್ಲಿಗೆ ಎಂಟು ಮೂಟೆ. ಮೊದಲಿನ ವ್ಯವಸ್ಥೆಯಲ್ಲಿ 32 ಮೈಕ್ರೋಸೆಕೆಂಡ್, ನನ್ನ ವ್ಯವಸ್ಥೆಯಲ್ಲಿ 1,280. ಪ್ರೊಸೆಸರ್‌ನ ಒಂದು ಕೋರ್‌ನ ಒಂದು ಸೆಕೆಂಡಿನ ದುಡಿಮೆಯಲ್ಲಿ ಮೊದಲು ಸುಮಾರು 31,000 ಪ್ರಶ್ನೆಗೆ ಬೇಕಾದ ಮೂಟೆ ಬಿಚ್ಚಬಹುದಿತ್ತು. ಈಗ 780ಕ್ಕೆ ಮಾತ್ರ. ಆ್ಯಪ್‌ನ ಮೊದಲ ಪರದೆಯಲ್ಲಿ ಹತ್ತು ಮಾರುಕಟ್ಟೆ ತೋರಿಸಿದ್ರೆ, ಅದು 78 ರೈತರಿಗೆ ಸಮ. ಬಿಚ್ಚೋದಲ್ಲದೆ ಬೇರೆ ಕೆಲಸಗಳೂ ಇರ್ತವೆ, ಅವು ಎರಡೂ ಕಡೆ ಒಂದೇ. ಬದಲಾಗಿದ್ದು ಇದೊಂದೇ.

ನಾನು ಪರೀಕ್ಷೆ ಮಾಡಿದ್ದು ರಾತ್ರಿ ಹನ್ನೊಂದು ಗಂಟೆಗೆ. ಆ ಹೊತ್ತಿನಲ್ಲಿ ಕೊಬ್ಬರಿ ರೇಟು ಯಾರು ನೋಡ್ತಾರೆ? ನಮ್ಮ ಸೀಮೆಯಲ್ಲಿ ಜನ ಬರೋದೇ ಒಟ್ಟಿಗೆ. 2024ರ ಆರಂಭದಲ್ಲಿ ಉಂಡೆ ಕೊಬ್ಬರಿಯನ್ನ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆಗೆ ಮಾರೋಕೆ ನೋಂದಣಿ ಶುರುವಾದಾಗ ರೈತರು ರಾತ್ರಿಯಿಂದಲೇ ಸಾಲು ನಿಂತಿದ್ದು ನಿಮಗೆ ನೆನಪಿರಬಹುದು. ಟೆಂಡರ್ ಬೆಲೆ ಹೊರಬೀಳೋ ಹೊತ್ತಲ್ಲೂ ಹಾಗೇ. ತಿಪಟೂರಲ್ಲಿ, ತುರುವೇಕೆರೆಯಲ್ಲಿ, ಹುಳಿಯಾರಲ್ಲಿ ಎಲ್ಲರೂ ಒಂದೇ ಸಲ ಫೋನ್ ತೆಗೀತಾರೆ. ಬರದಿದ್ರೆ ಪರದೆಯನ್ನ ಮತ್ತೆ ಎಳೀತಾರೆ. ಪ್ರತಿ ಎಳೆತವೂ ಹೊಸ ಪ್ರಶ್ನೆ, ಹೊಸ ಎಂಟು ಮೂಟೆ. ಮೊದಲೇ ಸೋತ ಪ್ರೊಸೆಸರ್ ಮೇಲೆ ಇನ್ನಷ್ಟು ಹೊರೆ. ದೊಡ್ಡಪ್ಪ ಅರ್ಧ ಗಂಟೆ ಮಾಡಿದ್ದೂ ಅದನ್ನೇ, ಪಾಪ.

ಹಾಗಾದ್ರೆ ಕುಗ್ಗಿಸಲೇಬಾರದಾ?

ಹಾಗಲ್ಲ. ಡಿಸ್ಕ್ ನಿಧಾನ ಇದ್ದಾಗ ಕುಗ್ಗಿಸಿದ ಡೇಟಾನೇ ಬೇಗ ಬರುತ್ತೆ, ಯಾಕಂದ್ರೆ ಓದಬೇಕಾದ ಬೈಟ್ ಕಡಿಮೆ. ಮೆಮೊರಿಯಲ್ಲೂ ಅಷ್ಟೇ ಜಾಗಕ್ಕೆ ಹೆಚ್ಚು ಹಿಡಿಯುತ್ತೆ. ಮೂರು ಪ್ರತಿ ಇರೋದರಿಂದ ಉಳಿತಾಯವೂ ಮೂರು ಕಡೆ ಆಗುತ್ತೆ. ದೂರದ ಡೇಟಾ ಕೇಂದ್ರಗಳ ನಡುವೆ ಕಳಿಸುವಾಗಲಂತೂ ಕುಗ್ಗಿಸೋದು ಲಾಭವೇ. ಕಸಾಂಡ್ರಾ ಕೂಡ ತಾನಾಗಿ ಆ ದಾರಿಯಲ್ಲಿ ಮಾತ್ರ ಕುಗ್ಗಿಸಿ ಕಳಿಸುತ್ತೆ, ಒಂದೇ ಕೇಂದ್ರದೊಳಗಿನ ಯಂತ್ರಗಳ ನಡುವೆ ಸುಮ್ಮನಿರುತ್ತೆ. ಪಕ್ಕದ ಮನೆಗೆ ಕೊಡೋ ಕಾಯಿಯನ್ನ ಸುಲಿದು ಮೂಟೆ ಕಟ್ಟಲ್ಲವಲ್ಲ, ಹಾಗೆ.

ದೊಡ್ಡವರಿಗೂ ಈ ಕೂಲಿ ತಪ್ಪಿದ್ದಲ್ಲ. ಗೂಗಲ್‌ನ ಡೇಟಾ ಕೇಂದ್ರಗಳಲ್ಲಿ ಪ್ರೊಸೆಸರ್ ಸಮಯದ ಶೇ 2.9ರಷ್ಟು ಬರೀ ಕುಗ್ಗಿಸಿ ಬಿಚ್ಚೋದಕ್ಕೇ ಹೋಗುತ್ತೆ ಅಂತ 2023ರ ಒಂದು ಸಂಶೋಧನಾ ಪ್ರಬಂಧ ಹೇಳಿತು. ನೂರರಲ್ಲಿ ಮೂರು ಸಣ್ಣದು ಅನಿಸಬಹುದು. ಗೂಗಲ್‌ನ ಅಳತೆಗೆ ಅದು ಸಾವಿರಾರು ಯಂತ್ರಗಳ ಇಡೀ ದಿನದ ದುಡಿಮೆ. ಕಾಯಿ ಸುಲಿಯೋಕೆ ಯಂತ್ರ ಬಂದ ಹಾಗೆ, ಈ ಕೆಲಸಕ್ಕೂ ಪ್ರತ್ಯೇಕ ಸರ್ಕ್ಯೂಟ್‌ಗಳು ಬಂದಿವೆ. ಐಬಿಎಂ 2019ರಲ್ಲಿ ತನ್ನ ಝಡ್15 ಮೇನ್‌ಫ್ರೇಮ್‌ನ ಚಿಪ್ ಒಳಗೇ ಇದನ್ನ ಇಟ್ಟಿತು.

ಕೂಲಿಯೇ ಹೆಚ್ಚು ಬೇಡದ ಜಾಣ ದಾರಿಗಳೂ ಇವೆ. ಊರಿನ ಹೆಸರನ್ನ ಪ್ರತಿ ಸಾಲಲ್ಲೂ ಬರೆಯೋ ಬದಲು ಒಂದು ಪಟ್ಟಿ ಮಾಡಿ, ಚಿಕ್ಕನಾಯಕನಹಳ್ಳಿಗೆ ಒಂದು ನಂಬರ್ ಕೊಟ್ಟುಬಿಡಿ. 45 ಬೈಟ್ ಇದ್ದಿದ್ದು ಒಂದೋ ಎರಡೋ ಬೈಟ್ ಆಗುತ್ತೆ, ಬಿಚ್ಚೋಕೆ ಏನೂ ಕಷ್ಟ ಇಲ್ಲ. ದರವನ್ನ ಪೂರ್ತಿ ಬರೆಯೋ ಬದಲು ನಿನ್ನೆಗಿಂತ ಎಷ್ಟು ಏರಿತು, ಇಳಿಯಿತು ಅಂತ ಮಾತ್ರ ಬರೀಬಹುದು. ಫೇಸ್‌ಬುಕ್ 2015ರಲ್ಲಿ ವಿವರಿಸಿದ ಗೊರಿಲ್ಲಾ ಅನ್ನೋ ಡೇಟಾಬೇಸ್ ಇಂಥದೇ ಉಪಾಯದಿಂದ ಸಮಯ ಮತ್ತು ಅಳತೆಯ 16 ಬೈಟಿನ ಜೋಡಿಯನ್ನ ಸರಾಸರಿ 1.37 ಬೈಟ್‌ಗೆ ಇಳಿಸಿತ್ತು. ತನ್ನ ಡೇಟಾ ಯಾವ ರೂಪದ್ದು ಅಂತ ಗೊತ್ತಿದ್ದವನಿಗೆ ಕುರುಡಾಗಿ ಹುಡುಕೋ ಕೂಲಿ ಉಳಿಯುತ್ತೆ.

ನಾವು ಆಮೇಲೆ ಮಾಡಿದ್ದು

ಮೊದಲು ಮುಟ್ಟೋ ಡೇಟಾ ಯಾವುದು, ಮುಟ್ಟದ್ದು ಯಾವುದು ಅಂತ ಬೇರೆ ಮಾಡಿದ್ವಿ. ನಮ್ಮ ದಾಖಲೆ ತೆಗೆದು ನೋಡಿದ್ರೆ ಜನ ಕೇಳ್ತಿದ್ದಿದ್ದು ಹೆಚ್ಚಾಗಿ ಇವತ್ತಿನದು, ಈ ವಾರದ್ದು. ಹಳೇ ವರ್ಷಗಳ ದರ ಅಪರೂಪಕ್ಕೆ ಯಾರೋ ವಿದ್ಯಾರ್ಥಿಗೋ ವರದಿಗಾರರಿಗೋ ಬೇಕಾಗೋದು.

ಈ ವಾರದ್ದನ್ನ ವಾಪಸ್ ಎಲ್‌ಝಡ್4ಗೆ, 16 ಕೆಬಿ ಮೂಟೆಗೆ ತಂದ್ವಿ. ಹಳೇದನ್ನ ಬೇರೆ ಟೇಬಲ್‌ಗೆ ಹಾಕಿ ಝಡ್‌ಸ್ಟ್ಯಾಂಡರ್ಡ್‌ನಿಂದ ಬಿಗಿಯಾಗಿ ಕುಗ್ಗಿಸಿದ್ವಿ. ಬೇರೆ ಡೇಟಾಬೇಸ್‌ಗಳಲ್ಲೂ ಇದೇ ರೂಢಿ ಇದೆ: ರಾಕ್ಸ್‌ಡಿಬಿ ಬಳಸೋರು ಮೇಲಿನ, ಆಗಾಗ ಬದಲಾಗೋ ಹಂತಗಳಿಗೆ ಹಗುರ ವಿಧಾನ, ಕೆಳಗಿನ ದೊಡ್ಡ ಹಂತಕ್ಕೆ ಬಿಗಿ ವಿಧಾನ ಇಡ್ತಾರೆ. ಊರಿನ ಹೆಸರುಗಳಿಗೆ ನಂಬರ್ ಕೊಟ್ವಿ. ಇನ್ನು ಮುಂದೆ ಏನೇ ಬದಲಾಯಿಸಿದ್ರೂ ಟೆಂಡರ್ ದಿನದ ಮಧ್ಯಾಹ್ನದ ಭಾರವನ್ನೇ ಹಾಕಿ ಪರೀಕ್ಷೆ ಮಾಡೋದು, ಎಲ್ಲಾ ಹಳೇ ಕಡತಗಳೂ ಹೊಸ ರೂಪಕ್ಕೆ ಬಂದ ಮೇಲೆಯೇ ಅಳೆಯೋದು ಅಂತ ನಿಯಮ ಮಾಡಿಕೊಂಡ್ವಿ. ಡಿಸ್ಕ್ ಬಾಡಿಗೆ ಸ್ವಲ್ಪ ಏರಿತು. ಆ್ಯಪ್ ಸುತ್ತೋದು ನಿಂತಿತು.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಎಲ್ಲಾ ಹೇಳಿದೆ. ತಪ್ಪು ನನ್ನದೇ ಅಂತಲೂ ಹೇಳಿದೆ. ಅವರು ಅಟ್ಟದ ಕಡೆ ಕೈ ತೋರಿಸಿದ್ರು.

"ಅಟ್ಟದ ಮ್ಯಾಲೆ ವರ್ಷ ಇರೋ ಕಾಯಿನೇ ಬ್ಯಾರೆ, ನಾಳೆ ಸಾರಿಗೆ ಬೇಕಾಗಿರೋ ಕಾಯಿನೇ ಬ್ಯಾರೆ. ಸಾರಿನ ಕಾಯಿನ ಯಾರಾದ್ರೂ ಮೂಟೆ ಕಟ್ಟಿ ಅಟ್ಟಕ್ಕೆ ಹಾಕ್ತಾರೇನೋ? ಇಷ್ಟು ತಿಳ್ಕಳಾಕೆ ನೀನು ಬೆಂಗ್ಳೂರಿಗೆ ಹೋಗ್ಬೇಕಾಗಿತ್ತಾ?"

ನನ್ನ ಹತ್ರ ಉತ್ತರ ಇರಲಿಲ್ಲ. 1,800 ರೂಪಾಯಿ ಕೊಡೋಕೆ ಹೋದೆ, ತಗೊಳ್ಳಲಿಲ್ಲ.

ಮುಂದಿನ ಸಲ ನಿಮ್ಮ ಫೋನ್‌ನಲ್ಲಿ ಯಾವುದಾದ್ರೂ ಆ್ಯಪ್ ಸುಮ್ಮನೆ ಸುತ್ತುತಾ ಕೂತ್ರೆ, ಒಂದು ಕ್ಷಣ ನೆನಪು ಮಾಡ್ಕೊಳ್ಳಿ. ಎಲ್ಲೋ ಒಂದು ಪ್ರೊಸೆಸರ್ ನಿಮ್ಮ ಒಂದು ಕಾಯಿಗಾಗಿ ಇಡೀ ಮೂಟೆ ಬಿಚ್ಚುತಾ ಇರಬಹುದು. ಪರದೆಯನ್ನ ಪದೇಪದೇ ಎಳೆಯೋ ಬದಲು ಒಂದು ನಿಮಿಷ ಕಾಯಿರಿ. ನಿಮಗೂ ಒಳ್ಳೇದು, ಸಾಲಲ್ಲಿ ನಿಂತಿರೋ ಬೇರೆಯವರಿಗೂ ಒಳ್ಳೇದು. ನೀವೇ ಮುಂದೆ ಇಂಥ ವ್ಯವಸ್ಥೆ ಕಟ್ಟೋರಾದ್ರೆ, ಎಷ್ಟು ಜಾಗ ಉಳಿಯಿತು ಅಂತ ಕೇಳೋ ಮುಂಚೆ ಕೂಲಿ ಯಾರು, ಯಾವ ಹೊತ್ತಲ್ಲಿ ಕೊಡ್ತಾರೆ ಅಂತ ಕೇಳಿ.